ಅಹ್ಮದ್ ಖಾನ್: ಬರಿಗಾಲು, ಬೂಟು ಮತ್ತು ನೌಕರಿ

ಅಹ್ಮದ್ ಖಾನ್ (24 ಡಿಸೆಂಬರ್ 1926 – 27 ಆಗಸ್ಟ್ 2017) ಸ್ವತಂತ್ರ ಭಾರತದ ಮೊದಲ ತಲೆಮಾರಿನ ಅಂತರರಾಷ್ಟ್ರೀಯ ಫುಟ್‌ಬಾಲ್ ಆಟಗಾರರಲ್ಲಿ ಒಬ್ಬರು. ಹುಟ್ಟಿದ್ದು ಬೆಂಗಳೂರಿನಲ್ಲಿ, ತೀರಿಕೊಂಡದ್ದು ಕೋಲ್ಕತ್ತದಲ್ಲಿ. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಆಡಿದರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 1949ರಿಂದ ಒಂದು ದಶಕ ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಮುಂಪಡೆಯಲ್ಲಿ ಇನ್‌ಸೈಡ್ ಲೆಫ್ಟ್ ಸ್ಥಾನ ಅವರದೇ ಆಗಿತ್ತು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಓಡುತ್ತಿದ್ದ ಅವರ ಎದುರು ರಕ್ಷಕರು ಪುಂಗಿಗೆ ತಲೆದೂಗುವ ಹಾವಿನಂತೆ ಅತ್ತಿತ್ತ ಓಲಾಡುತ್ತಿದ್ದರಂತೆ. ಅದಕ್ಕೇ ಅವರಿಗೆ ‘ಹಾವಾಡಿಗ’ ಎಂಬ ಅಡ್ಡಹೆಸರು. ಅವರ ಬದುಕನ್ನು ಬರೆದವರು ಬಹುತೇಕ ಪಾದದಿಂದಲೇ ಶುರುಮಾಡುತ್ತಾರೆ. ಬರಿಗಾಲಿನಲ್ಲಿ ಒಲಿಂಪಿಕ್ಸ್ ಆಡಿದವರು ಎಂಬುದೇ ಅವರ ಪರಿಚಯ, ಕೆಲವೊಮ್ಮೆ ಅಷ್ಟೇ ಪರಿಚಯ. ಆ ಸಂಗತಿ ಸುಳ್ಳಲ್ಲ. ಆದರೆ ಅದರಿಂದ ವಿವರಣೆಯಾಗುವುದು ಕಡಿಮೆ. ಅಹ್ಮದ್ ಖಾನ್ ಏಕೆ ಬೆಂಗಳೂರಿನಲ್ಲಿ ಹುಟ್ಟಿಕೊಂಡರು, ಏಕೆ ಬೆಂಗಳೂರಿನಲ್ಲಿ ಉಳಿಯಲಿಲ್ಲ ಎಂಬ ಎರಡು ಪ್ರಶ್ನೆಗಳಿಗೆ ಪಾದವನ್ನು ನೋಡಿದರೆ ಉತ್ತರ ಸಿಗದು. ಮೈದಾನ ಯಾರದು, ಆಟಗಾರನ ಅನ್ನ ಯಾರದು ಎಂದು ಕೇಳಬೇಕಾಗುತ್ತದೆ.

ಮೈದಾನ ದಂಡಿನದು. 1809ರಲ್ಲಿ ಹಲಸೂರಿನ ಬದಿಯಲ್ಲಿ ಬ್ರಿಟಿಷ್ ಸೇನೆ ಬೀಡುಬಿಟ್ಟಲ್ಲಿಂದ ಬೆಂಗಳೂರು ಎರಡಾಯಿತು: ಕೆಂಪೇಗೌಡನ ಪೇಟೆ ಒಂದು, ಕವಾಯತಿನ ಬಯಲುಗಳ ದಂಡುಪ್ರದೇಶ ಇನ್ನೊಂದು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದರೂ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಮಾತ್ರ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಅದು ಮೈಸೂರಿಗೆ ಹಿಂತಿರುಗಿದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನ ಮುಂಚೆ. ಪಲ್ಟನ್ನುಗಳು ಸಂಜೆ ಹೊತ್ತು ಆಡುತ್ತಿದ್ದ ಆಟವನ್ನು ಅವುಗಳ ಸುತ್ತ ಬದುಕು ಕಟ್ಟಿಕೊಂಡಿದ್ದ ಜನ ನೋಡಿ ಕಲಿತರು. ದಖನಿ ಮಾತನಾಡುವ ಮುಸಲ್ಮಾನರು, ತಮಿಳು ಮಾತನಾಡುವ ಕೂಲಿಕಾರ ಕುಟುಂಬಗಳು, ಆಂಗ್ಲೋ-ಇಂಡಿಯನ್ನರು ಈ ಆಟದ ಮೊದಲ ಒಡೆಯರು. ಹಲಸೂರಿನ ಬಳಿಯ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್ ಎಂಬ ಹೆಸರುಗಳು ಇಂದಿಗೂ ಬೆಂಗಳೂರಿನ ಫುಟ್‌ಬಾಲ್ ವಿಳಾಸಗಳು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ನಿಂತಿದೆ. ಪೇಟೆ ಕಡೆಯವರಿಗೆ ಗರಡಿಮನೆ ಹೇಗೋ ದಂಡಿನವರಿಗೆ ಫುಟ್‌ಬಾಲ್ ಮೈದಾನ ಹಾಗೆ. ಕನ್ನಡದ ಕ್ರೀಡಾಬರಹ ಅಹ್ಮದ್ ಖಾನ್ ಅವರನ್ನು ತಕ್ಕಮಟ್ಟಿಗೆ ನೆನಪಿಟ್ಟುಕೊಳ್ಳದಿರುವುದಕ್ಕೂ ಇದೇ ಕಾರಣವಿರಬೇಕು: ಅವರ ಆಟ ಬೆಳೆದದ್ದು ಕನ್ನಡದ ಊರಿನಲ್ಲೇ, ಆದರೆ ಕನ್ನಡ ಪತ್ರಿಕೆಗಳ ಕಿವಿಗೆ ಬೀಳದ ಗಲ್ಲಿಗಳಲ್ಲಿ.

ಅವರ ತಂದೆ ಬಾಬಾ ಖಾನ್ ಕೂಡ ಆಟಗಾರರು, ಬೆಂಗಳೂರಿನ ಕ್ರೆಸೆಂಟ್ ಕ್ಲಬ್ಬಿನವರು. ಮಗನೂ ಅದೇ ಹಾದಿಯಲ್ಲಿ ಕ್ರೆಸೆಂಟ್ ಮೂಲಕ ಬಂದು ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ ಸೇರಿದರು. ಈ ಎರಡನೆಯ ಹೆಸರಿನ ತೂಕ ಇಂದಿನ ಓದುಗರಿಗೆ ತಿಳಿಯುವುದು ಕಷ್ಟ. ಬಾಂಬೆಯ ರೋವರ್ಸ್ ಕಪ್ 1891ರಲ್ಲಿ ಶುರುವಾದಂದಿನಿಂದ ಬ್ರಿಟಿಷ್ ಪಲ್ಟನ್ನುಗಳ ಪಾಲೇ ಆಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಕಲ್ಕತ್ತದ್ದಲ್ಲ, ಬೆಂಗಳೂರಿನದು: 1937ರಲ್ಲಿ ಬ್ಯಾಂಗಲೋರ್ ಮುಸ್ಲಿಮ್ಸ್ ಆ ಕಾಲದ ಕಲ್ಕತ್ತ ಲೀಗಿನ ಅಜೇಯ ತಂಡವಾಗಿದ್ದ ಮೊಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿ ಕಪ್ ತಂದಿತು, ಮರುವರ್ಷವೂ ಗೆದ್ದಿತು. ಸಂತೋಷ್ ಟ್ರೋಫಿಯಲ್ಲಿ ಮೈಸೂರು ರಾಜ್ಯ 1946–47ರಲ್ಲಿ ಬಂಗಾಳವನ್ನು ಮಣಿಸಿತು, 1952–53ರಲ್ಲಿ ಮತ್ತೊಮ್ಮೆ. ಅಂದರೆ ಅಹ್ಮದ್ ಖಾನ್ ಯಾವುದೋ ಬಂಜರಿನಲ್ಲಿ ತಾನಾಗಿ ಚಿಗುರಿದ ಪ್ರತಿಭೆಯಲ್ಲ. ತಂದೆ, ಕ್ಲಬ್ಬು, ಗೆದ್ದ ಕಪ್ಪು, ಪೈಪೋಟಿ ಎಲ್ಲವೂ ಇದ್ದ ಹದವಾದ ನೆಲದ ಬೆಳೆ ಅವರು.

ಇಲ್ಲಿ ಹೊರಗಿನ ಒಂದು ಹೋಲಿಕೆ ಕೆಲಸಕ್ಕೆ ಬರುತ್ತದೆ. ದಂಡಿನ ಅಧಿಕಾರಿಗಳು ಭಾರತಕ್ಕೆ ತಂದದ್ದು ಒಂದು ಫುಟ್‌ಬಾಲ್ ಅಲ್ಲ, ಎರಡು. ರಗ್ಬಿ ಕೂಡ ಬಂದಿತ್ತು. ಜಗತ್ತಿನ ಮೊದಲ ರಗ್ಬಿ ಅಂತರರಾಷ್ಟ್ರೀಯ ಪಂದ್ಯ 1871ರ ಮಾರ್ಚ್ 27ರಂದು ಎಡಿನ್‌ಬರೋದಲ್ಲಿ ನಡೆಯಿತು. ತಂಡಕ್ಕೆ ಇಪ್ಪತ್ತು ಮಂದಿ, ಸ್ಕಾಟ್ಲೆಂಡ್ ಇಂಗ್ಲೆಂಡನ್ನು ಸೋಲಿಸಿತು. ಎರಡು ವರ್ಷ ಕಳೆಯುವುದರೊಳಗೆ ಕಲ್ಕತ್ತದಲ್ಲಿ ಒಂದು ರಗ್ಬಿ ಕ್ಲಬ್ ಎದ್ದು, ಕೆಲವೇ ವರ್ಷಗಳಲ್ಲಿ ಸದಸ್ಯರು ಚದುರಿ ಮುಚ್ಚಿತು. ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಹಾವಿನ ಹಿಡಿಗಳ, ಮುಚ್ಚಳದ ಮೇಲೆ ಆನೆ ನಿಂತ ಒಂದು ಕಪ್ ಮಾಡಿಸಿ ಇಂಗ್ಲೆಂಡಿಗೆ ಕಳಿಸಿಕೊಟ್ಟರು. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆ ಕಲ್ಕತ್ತ ಕಪ್‌ಗಾಗಿಯೇ ಆಡುತ್ತಿವೆ. ಆಟ ಹೋಯಿತು, ನಮ್ಮ ಬೆಳ್ಳಿಯೂ ಜೊತೆಗೇ ಹೋಯಿತು ಎಂದು ನಗಬಹುದು. ಆದರೆ ಆ ಮೊದಲ ರಗ್ಬಿ ಆಟಗಾರರ ಜೀವನಚರಿತ್ರೆಗಳಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಅವರು ವಕೀಲರು, ವೈದ್ಯರು, ಸೇನಾಧಿಕಾರಿಗಳು, ವರ್ತಕರು. ಆಟ ಅವರಿಗೆ ಊಟದ ನಂತರದ ತಾಂಬೂಲ. ಇಂಗ್ಲೆಂಡಿನ ಉತ್ತರದ ಗಣಿ ಮತ್ತು ಗಿರಣಿ ಕಾರ್ಮಿಕರು ಆ ಆಟಕ್ಕೆ ಬಂದಾಗ ಶನಿವಾರ ಆಡಲು ಹೋದರೆ ಕಳೆದುಕೊಳ್ಳುವ ಕೂಲಿಯನ್ನು ಕ್ಲಬ್ ತುಂಬಿಕೊಡಬೇಕು ಎಂಬ ಬೇಡಿಕೆ ಎದ್ದಿತು. ಅದು ಒಪ್ಪಿಗೆಯಾಗದೆ 1895ರ ಆಗಸ್ಟಿನಲ್ಲಿ ಹಡರ್ಸ್‌ಫೀಲ್ಡ್‌ನಲ್ಲಿ ಕ್ಲಬ್ಬುಗಳು ಒಡೆದು ಬೇರೆಯಾದವು. ರಗ್ಬಿ ಯೂನಿಯನ್ ಆಟಗಾರನಿಗೆ ಸಂಬಳ ಕೊಡಲು ಒಪ್ಪಿದ್ದು ಸರಿಯಾಗಿ ನೂರು ವರ್ಷದ ನಂತರ, 1995ರಲ್ಲಿ. ಯಾವುದೇ ಆಟದ ಆರಂಭಕಾಲದ ಅಂತರರಾಷ್ಟ್ರೀಯ ಆಟಗಾರನ ಕತೆಯಲ್ಲಿ ‘ಆಡುವ ಹೊತ್ತಿನ ಕೂಲಿ ಯಾರು ಕೊಟ್ಟರು’ ಎಂಬ ಪ್ರಶ್ನೆ ಅಡಗಿರುತ್ತದೆ. ಅಹ್ಮದ್ ಖಾನ್ ಅವರ ಕತೆಯಲ್ಲಿ ಅದನ್ನು ಮುಚ್ಚಿಟ್ಟಿರುವುದು ಬರಿಗಾಲಿನ ದಂತಕತೆ.

ಆ ದಂತಕತೆಯ ಮೂಲ 1911. ಆ ವರ್ಷ ಕಲ್ಕತ್ತದ ಐಎಫ್ಎ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿದ ಮೋಹನ್ ಬಾಗಾನ್‌ನ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿಗೆ ಬೂಟಿರಲಿಲ್ಲ. ಬರಿಗಾಲು ಆಗ ಬರಿಯ ಕಾಲಾಗಿ ಉಳಿಯದೆ ರಾಷ್ಟ್ರದ ಗುರುತಾಯಿತು. 1948ರಲ್ಲಿ ಲಂಡನ್ನಿಗೆ ಹೋದ ತಂಡ ಆ ಗುರುತನ್ನು ಹೊತ್ತೇ ಹೋಯಿತು. ಮೊದಲ ಎದುರಾಳಿಯಾಗಬೇಕಿದ್ದ ಬರ್ಮಾ ಹಿಂದೆ ಸರಿದದ್ದರಿಂದ ಜುಲೈ 31ರಂದು ಲಂಡನ್ ಬಳಿಯ ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ಎದುರಾಯಿತು. ನಾಯಕ ನಾಗಾ ನಾಡಿನ ಟಾಲಿಮೆರೆನ್ ಆವ್. ಹನ್ನೊಂದರಲ್ಲಿ ಎಂಟು ಮಂದಿ ಬರಿಗಾಲಿನವರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ಎರಡನೆಯ ಅವಧಿಯಲ್ಲಿ ಸಾರಂಗಪಾಣಿ ರಾಮನ್ ಸಮ ಮಾಡಿದರು. ಸ್ವತಂತ್ರ ಭಾರತದ ಆ ಮೊದಲ ಅಂತರರಾಷ್ಟ್ರೀಯ ಗೋಲು ಬೆಂಗಳೂರಿನವರೊಬ್ಬರ ಕಾಲಿನದು. ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2–1ರಿಂದ ಗೆದ್ದಿತು. ಸೋತರೂ ಪ್ರೇಕ್ಷಕರ ಮನಸ್ಸು ಗೆದ್ದ ಪಂದ್ಯ ಅದು. ಆದರೆ ಅಂಕಿಯನ್ನು ಬಿಡಿಸಿ ನೋಡಬೇಕು. ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಒಂದನ್ನು ಗುರಿ ಮುಟ್ಟಿಸಿದ್ದರೂ ಪಂದ್ಯ ಸಮ, ಎರಡನ್ನೂ ಮುಟ್ಟಿಸಿದ್ದರೆ ಗೆಲುವು. ಬೂಟು ಇಲ್ಲದ್ದು ಅಲ್ಲಿ ಸೋಲಿಸಲಿಲ್ಲ. ಹನ್ನೆರಡು ಗಜದ ದೂರದಿಂದ ನಿಂತ ಚೆಂಡನ್ನು ಒದೆಯುವ ಒತ್ತಡದ ಅಭ್ಯಾಸ ಇಲ್ಲದ್ದು ಸೋಲಿಸಿತು. ಮೂವರು ಬೂಟು ತೊಟ್ಟಿದ್ದರು ಎಂಬ ಸಂಗತಿಯೂ ಒಂದು ಮಾತು ಹೇಳುತ್ತದೆ: ಬೂಟು ಸಿಗದಷ್ಟು ಬಡತನ ತಂಡಕ್ಕೆ ಇರಲಿಲ್ಲ, ಬೇಡವೆಂದವರು ಬೇಡವೆಂದಿದ್ದರು. ಚರ್ಮಕ್ಕೆ ಚರ್ಮ ತಾಗಿಸಿ ಚೆಂಡನ್ನು ಹತೋಟಿಯಲ್ಲಿಡುವ ಅಹ್ಮದ್ ಖಾನ್ ಅಂಥವರಿಗೆ ಅಂದಿನ ಗಟ್ಟಿ ತೊಗಲಿನ ಬೂಟು ಸಂಕೋಲೆಯೇ ಸರಿ.

ಹಾಗಾದರೆ ಹೆಲ್ಸಿಂಕಿ? ಬರಿಗಾಲಿನ ವಾದಕ್ಕೆ ಇದೇ ದೊಡ್ಡ ಸಾಕ್ಷಿ ಎಂದು ಎತ್ತಿಹಿಡಿಯುವವರಿದ್ದಾರೆ, ಆಕ್ಷೇಪ ತೆಗೆದುಹಾಕುವಂಥದ್ದಲ್ಲ. 1952ರ ಜುಲೈ 15ರಂದು ಯುಗೊಸ್ಲಾವಿಯ ಭಾರತವನ್ನು 10–1ರಿಂದ ಹಣ್ಣುಗಾಯಿ ನೀರುಗಾಯಿ ಮಾಡಿತು. ಬ್ರಾಂಕೊ ಝೆಬೆಟ್ಸ್ ಒಬ್ಬರೇ ನಾಲ್ಕು ಗೋಲು. ಭಾರತದ ಏಕೈಕ ಗೋಲು, ಆಟ ಮುಗಿಯುವ ಹೊತ್ತಿಗೆ, ಅಹ್ಮದ್ ಖಾನ್ ಅವರದು. ಚಳಿಯ ದೇಶದ ಜಾರುವ ಹುಲ್ಲಿನ ಮೇಲೆ ಬರಿಗಾಲು ನಿಲ್ಲಲಿಲ್ಲ ಎಂಬುದನ್ನು ಒಪ್ಪಬೇಕು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೂಡ ಅದನ್ನೇ ಒಪ್ಪಿ ಆಮೇಲೆ ಬೂಟು ಕಡ್ಡಾಯ ಮಾಡಿತು. ಆದರೆ ಒಂಬತ್ತು ಗೋಲುಗಳ ಅಂತರವನ್ನು ಬೂಟಿನ ಮೇಲೆ ಹೊರಿಸಲಾಗದು. ಎದುರಿಗಿದ್ದದ್ದು ಆ ಒಲಿಂಪಿಕ್ಸ್‌ನ ಬೆಳ್ಳಿ ತಂಡ, ಪುಷ್ಕಾಷ್‌ನ ಹಂಗೆರಿಗೆ ಮಾತ್ರ ಫೈನಲ್‌ನಲ್ಲಿ ಸೋತದ್ದು. ಒಲಿಂಪಿಕ್ಸ್‌ನ ನಿಯಮದ ಪ್ರಕಾರ ಅವರೂ ಹವ್ಯಾಸಿಗಳೇ. ಕಾಗದದ ಮೇಲೆ ಮಾತ್ರ. ಸಮಾಜವಾದಿ ದೇಶಗಳಲ್ಲಿ ಆಟಗಾರನಿಗೆ ಸೇನೆಯಲ್ಲೋ ಸರ್ಕಾರಿ ಸಂಸ್ಥೆಯಲ್ಲೋ ಹುದ್ದೆ ಇರುತ್ತಿತ್ತು, ಅವನ ನಿಜವಾದ ಕೆಲಸ ಆಟವಾಗಿರುತ್ತಿತ್ತು. ವರ್ಷಪೂರ್ತಿ ತೊಂಬತ್ತು ನಿಮಿಷದ ಆಟಕ್ಕೆ ಪಳಗಿದ ತಂಡ ಅದು. ಭಾರತ ಚಿನ್ನ ಗೆದ್ದ ದೆಹಲಿಯ ಏಷ್ಯನ್ ಕೂಟದಲ್ಲಿ, ಇರಾನನ್ನು 1–0ರಿಂದ ಸೋಲಿಸಿದ ಫೈನಲ್ ಸೇರಿ, ಪಂದ್ಯಗಳು ಎಂಬತ್ತೇ ನಿಮಿಷದವು. ಹೆಲ್ಸಿಂಕಿಯ ವ್ಯತ್ಯಾಸ ಬೂಟು ತೊಟ್ಟವರಿಗೂ ತೊಡದವರಿಗೂ ನಡುವಿನದಲ್ಲ, ಆಟಗಾರನ ಅನ್ನವನ್ನು ರಾಜ್ಯವೇ ವಹಿಸಿಕೊಂಡ ದೇಶಕ್ಕೂ ವಹಿಸಿಕೊಳ್ಳದ ದೇಶಕ್ಕೂ ನಡುವಿನದು. ಇನ್ನೊಂದು ಸಾಕ್ಷಿ ಅಹ್ಮದ್ ಖಾನ್ ಅವರದೇ ಮುಂದಿನ ಆಟ. ಬೂಟು ಕಡ್ಡಾಯವಾದ ಮೇಲೂ ಅವರು ಮಸುಕಾಗಲಿಲ್ಲ. 1954ರ ಮನಿಲಾ ಏಷ್ಯನ್ ಕ್ರೀಡಾಕೂಟಕ್ಕೆ ಹೋದರು, ಈಸ್ಟ್ ಬೆಂಗಾಲ್‌ನಲ್ಲಿ 1959ರವರೆಗೆ ಆಡಿದರು. ಬರಿಗಾಲೇ ಅವರ ಮಾಯೆಯಾಗಿದ್ದರೆ ಬೂಟು ತೊಟ್ಟ ದಿನವೇ ಪುಂಗಿ ನಿಲ್ಲಬೇಕಿತ್ತು.

1950ರ ವಿಶ್ವಕಪ್‌ಗೆ ಭಾರತ ಹೋಗದಿದ್ದುದೂ ಬರಿಗಾಲಿನ ಕಾರಣಕ್ಕೇ ಎಂಬ ಮಾತು ಇಂದಿಗೂ ಓಡಾಡುತ್ತದೆ. ಎದುರಾಳಿಗಳು ಹಿಂದೆ ಸರಿದದ್ದರಿಂದ ಅರ್ಹತೆ ಬಾಗಿಲಿಗೇ ಬಂದಿತ್ತು. ಹೋಗದಿದ್ದುದಕ್ಕೆ ಕಾರಣ ಬೇರೆ: ಬ್ರೆಜಿಲ್ ದೂರ, ಪ್ರಯಾಣ ದೀರ್ಘ, ಫೆಡರೇಷನ್‌ಗೆ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ದೊಡ್ಡದೆನಿಸಲಿಲ್ಲ. ಹವ್ಯಾಸಿತನದ ಒಲಿಂಪಿಕ್ಸನ್ನೇ ದೇವರೆಂದು ನಂಬಿದ ಆಡಳಿತ, ಆಟಗಾರ ಅದರಿಂದ ಬದುಕಬಹುದು ಎಂದು ಯೋಚಿಸಲಿಲ್ಲ. ಅಹ್ಮದ್ ಖಾನ್ ಅವರಿಗೆ ಆಗ ಇಪ್ಪತ್ತಮೂರು.

ಅಷ್ಟು ಹೊತ್ತಿಗಾಗಲೇ ಅವರು ಕಲ್ಕತ್ತದವರಾಗಿದ್ದರು. 1949ರಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತ ಲೀಗ್, ಐಎಫ್ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಒಂದೇ ಋತುವಿನಲ್ಲಿ ಗೆದ್ದಿತು; ಶೀಲ್ಡನ್ನು 1951ರವರೆಗೆ ಸತತ ಮೂರು ಸಲ; 1951 ಮತ್ತು 1952ರಲ್ಲಿ ಡುರಾಂಡ್ ಕಪ್. ಈ ಗೆಲುವುಗಳ ಹಿಂದಿದ್ದ ಮುಂಪಡೆಯ ಐವರು ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇಹ್. ಬಂಗಾಳಿಗಳು ಅವರನ್ನು ‘ಪಂಚಪಾಂಡವರು’ ಎಂದರು. ಐವರೂ ದಕ್ಷಿಣದವರು, ಐವರಲ್ಲಿ ಇಬ್ಬರು ಮುಸಲ್ಮಾನರು. ದೇಶವಿಭಜನೆಯಲ್ಲಿ ಮನೆ ಕಳೆದುಕೊಂಡು ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಆ ಕ್ಲಬ್ಬೇ ಊರಾಗಿದ್ದ ಕಾಲದಲ್ಲಿ ಅವರ ಪಾಂಡವರ ಸಾಲಿನಲ್ಲಿ ಅಹ್ಮದ್, ಸಾಲೇಹ್ ಎಂಬ ಹೆಸರುಗಳಿದ್ದವು. ಕೋಮುಗಾಯ ಹಸಿಯಾಗಿದ್ದ ಆ ವರ್ಷಗಳಲ್ಲಿ ಇದನ್ನು ಯಾರೂ ಘೋಷಣೆಯಾಗಿ ಮಾಡಲಿಲ್ಲ; ಗೋಲು ಬೇಕಿತ್ತು, ಹೊಡೆಯುವವರು ಇವರು.

ಕಲ್ಕತ್ತ ಅವರನ್ನು ಸೆಳೆದದ್ದು ಕೀರ್ತಿಯಿಂದ, ಕಾಸಿನಿಂದಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಮೈದಾನ ತುಂಬುವ ಜನ, ಮುಖಪುಟ ಕೊಡುವ ಪತ್ರಿಕೆ, ಗಲ್ಲಿಗಲ್ಲಿಯಲ್ಲಿ ಹೆಸರು ಕೂಗುವ ಹುಡುಗರು ಬೆಂಗಳೂರಿನಲ್ಲಿ ಎಲ್ಲಿದ್ದರು? ಮಾತು ಸರಿ. ಆದರೆ ಕೀರ್ತಿ ಒಂದು ಋತುವಿಗೆ ಕರೆಯಬಲ್ಲದು, ಹತ್ತು ವರ್ಷ ನಿಲ್ಲಿಸಲಾರದು, ಆಟ ಬಿಟ್ಟ ಮೇಲೂ ಅದೇ ಊರಿನಲ್ಲಿ ಮುದಿತನದವರೆಗೆ ಉಳಿಸಿಕೊಳ್ಳಲಾರದು. ಕಲ್ಕತ್ತದ ಫುಟ್‌ಬಾಲ್ ಸುತ್ತ ಒಂದು ಇಡೀ ಉದ್ಯೋಗಲೋಕ ಇತ್ತು. ರೈಲ್ವೆಯ ತಂಡಗಳು, ಬಂದರಿನ ತಂಡ, ಪೊಲೀಸರ ತಂಡ, ಆಟಗಾರರನ್ನು ತಮ್ಮ ಕಚೇರಿಗೆ ಸೇರಿಸಿಕೊಳ್ಳುವ ಅಭಿಮಾನಿ ವರ್ತಕರು. ಸಂಬಳ ಎಂಬ ಹೆಸರಿಲ್ಲದೆ ಆಟಗಾರ ಬದುಕಬಹುದಾದ ದಾರಿಗಳವು. 1949ರ ಬೆಂಗಳೂರಿನಲ್ಲಿ ಕ್ಲಬ್ಬುಗಳಿದ್ದವು, ಕಪ್ಪುಗಳಿದ್ದವು, ಆಟಗಾರನನ್ನು ಇಟ್ಟುಕೊಳ್ಳುವ ಮನೆ ಇನ್ನೂ ಕಟ್ಟಿರಲಿಲ್ಲ.

ಆ ಮನೆ ಕಟ್ಟಿದ್ದು ಕಾರ್ಖಾನೆಗಳು, ಅದೂ ಊರ ಹೊರಗೆ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಮುಂದಿನ ಎಚ್‌ಎಎಲ್) ಪೂರ್ವದ ಬಯಲಿನಲ್ಲಿ ಶುರುವಾಗಿತ್ತು. ಅಹ್ಮದ್ ಖಾನ್ ಲಂಡನ್ನಿನಲ್ಲಿ ಆಡಿದ 1948ರಲ್ಲೇ ಹಳೆ ಮದ್ರಾಸು ರಸ್ತೆಯಲ್ಲಿ, ಕೃಷ್ಣರಾಜಪುರದ ಈಚೆ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ತಲೆಯೆತ್ತಿತು. ಸುತ್ತಲಿನ ಊರಿಗೆ ದೂರವಾಣಿನಗರ ಎಂದೇ ಹೆಸರಾಯಿತು. ಐದಾರು ವರ್ಷಗಳಲ್ಲಿ ಎಚ್‌ಎಂಟಿ, ಬಿಇಎಲ್ ಬಂದವು. ದಂಡಿನ ಮೈದಾನಗಳ ಹುಡುಗರಿಗೆ ಕಾರ್ಖಾನೆಯ ತಂಡ ಎಂದರೆ ಹಾಜರಿ ಪುಸ್ತಕದಲ್ಲಿ ಹೆಸರು, ಕ್ಯಾಂಟೀನ್ ಊಟ, ಮಧ್ಯಾಹ್ನದ ಮೇಲೆ ಅಭ್ಯಾಸಕ್ಕೆ ಬಿಡುವು, ಆಟ ಮುಗಿದ ಮೇಲೆ ನಿವೃತ್ತಿಯವರೆಗೆ ಕೆಲಸ. ಹಡರ್ಸ್‌ಫೀಲ್ಡ್‌ನ ಗಿರಣಿ ಕಾರ್ಮಿಕರು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಫಲ ಕಂಡದ್ದು 1977ರಲ್ಲಿ. ಆ ವರ್ಷ ಮೊದಲ ಬಾರಿಗೆ ನಡೆದ ಫೆಡರೇಷನ್ ಕಪ್‌ನ ಫೈನಲ್‌ನಲ್ಲಿ, ಕೇರಳದ ಎರ್ನಾಕುಲಂನಲ್ಲಿ, ದೂರವಾಣಿನಗರದ ಐಟಿಐ ತಂಡ ಮೋಹನ್ ಬಾಗಾನನ್ನು 1–0ರಿಂದ ಸೋಲಿಸಿತು. ಅದೇ ವರ್ಷ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆಯ ನ್ಯೂಯಾರ್ಕ್ ಕಾಸ್ಮಾಸ್ ಜೊತೆ 2–2ರ ಸಮ ಮಾಡಿಕೊಂಡ ಮೋಹನ್ ಬಾಗಾನ್ ಅದು. ಟೆಲಿಫೋನ್ ಜೋಡಿಸುವವರ ತಂಡ ದೇಶದ ಅತಿ ದೊಡ್ಡ ಕ್ಲಬ್ಬನ್ನು ಕೆಡವಿದ್ದು ಬೆಂಗಳೂರಿನ ಫುಟ್‌ಬಾಲ್ ಇತಿಹಾಸದಲ್ಲಿ 1937ರ ನಂತರದ ದೊಡ್ಡ ದಿನ ಎಂಬುದು ಈ ಲೇಖಕನ ಎಣಿಕೆ.

ಕಾರ್ಖಾನೆ ಬಂದ ಮೇಲೂ ಒಳ್ಳೆಯ ಆಟಗಾರರು ಹೊರಗೆ ಹೋದರಲ್ಲ ಎಂದು ಕೇಳಬಹುದು. ಹೋದರು. ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್‌ಮನ್ (1971–2020) ಜೆಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಹೋಗಿ, ಅಲ್ಲಿಂದ ಅಹ್ಮದ್ ಖಾನ್ ಅವರದೇ ಈಸ್ಟ್ ಬೆಂಗಾಲ್ ಸೇರಿ, 1993ರಲ್ಲಿ ಇರಾಕಿನ ಅಲ್ ಝವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದರು; ಮುಂದೆ ಭಾರತದ ನಾಯಕರೂ ಆದರು. ಆದರೆ ಅವರ ಹಾದಿಯೂ ಉಕ್ಕಿನ ಊರಿನ ಮೂಲಕ, ಪಂಜಾಬಿನ ಜೆಸಿಟಿ ಗಿರಣಿಯ ತಂಡದ ಮೂಲಕವೇ ಸಾಗಿತು. ಕೆಲಸ ಕೊಡುವವರು ಎಲ್ಲಿದ್ದರೋ ಆಟ ಅಲ್ಲಿಗೆ ಹೋಯಿತು ಎಂಬ ಮಾತನ್ನು ಚಾಪ್‌ಮನ್ ಸುಳ್ಳಾಗಿಸುವುದಿಲ್ಲ, ಗಟ್ಟಿಮಾಡುತ್ತಾರೆ.

1970ರ ದಶಕದ ಕೊನೆಗೆ ಪೀಣ್ಯ ಕೈಗಾರಿಕಾ ಪ್ರದೇಶ ಮತ್ತು ಎಲೆಕ್ಟ್ರಾನಿಕ್ ಸಿಟಿ, 1990ರ ದಶಕದಲ್ಲಿ ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್ ಬಂದು ಬೆಂಗಳೂರಿನ ದುಡಿಮೆಯ ಹೊರವಲಯ ಬಹಳ ಹಿಗ್ಗಿತು. ಆಟದ ಲೆಕ್ಕದಲ್ಲಿ ಮಾತ್ರ ಅದು ಬೇರೆ ಜಾತಿಯ ಹಿಗ್ಗು. ಪೀಣ್ಯದ ಸಣ್ಣ ಶೆಡ್ಡುಗಳಿಗೆ ತಂಡ ಸಾಕುವ ಶಕ್ತಿಯಿಲ್ಲ, ಸಾಫ್ಟ್‌ವೇರ್ ಕಂಪನಿಗಳಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಆಳು ತೆಗೆದುಕೊಳ್ಳುವ ಪದ್ಧತಿಯಿಲ್ಲ. ಅಲ್ಲಿ ಫುಟ್‌ಬಾಲ್ ಇಲ್ಲವೆಂದಲ್ಲ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಕಡೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫುಗಳು ರಾತ್ರಿ ದೀಪ ಹಾಕಿಕೊಂಡು ತುಂಬಿರುತ್ತವೆ, ಕಂಪನಿ ಕಂಪನಿಗಳ ನಡುವೆ ಪಂದ್ಯಗಳು ನಡೆಯುತ್ತವೆ. ಆದರೆ ಅಲ್ಲಿ ನೌಕರ ಆಟಕ್ಕೆ ಹಣ ತೆರುತ್ತಾನೆ; ದೂರವಾಣಿನಗರದಲ್ಲಿ ಆಟಕ್ಕಾಗಿ ನೌಕರಿ ಸಿಗುತ್ತಿತ್ತು. ಎಡಿನ್‌ಬರೋದ 1871ರ ವಕೀಲರು, ವೈದ್ಯರು ಈ ಟರ್ಫಿಗೆ ಬಂದರೆ ಅವರಿಗೇನೂ ಅಪರಿಚಿತವೆನಿಸದು.

ಸಾರ್ವಜನಿಕ ಉದ್ದಿಮೆಗಳ ತಂಡಗಳು ಒಂದೊಂದಾಗಿ ಸೊರಗಿದವು. ಕೊನೆಗೆ ಉಳಿದಿದ್ದ ಎಚ್‌ಎಎಲ್ ತಂಡ ದೊಡ್ಡ ಬಜೆಟ್ಟಿನ ಕ್ಲಬ್ಬುಗಳ ನಡುವೆ ಐ-ಲೀಗ್‌ನಲ್ಲಿ ಎರಡು ಋತು ಆಡಿ 2012ರಲ್ಲಿ ಕೆಳಗಿಳಿಯಿತು. ಮರುವರ್ಷ ಜೆಎಸ್‌ಡಬ್ಲ್ಯು ಉದ್ಯಮಸಮೂಹದ ಒಡೆತನದಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು: ಹಾಜರಿ ಪುಸ್ತಕವಿಲ್ಲ, ಕರಾರಿನ ಸಂಬಳವಿದೆ. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ಈ ತಂಡ 2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಫೆಡರೇಷನ್ ಕಪ್ ಫೈನಲ್ ಆಡಿತು. ಆ ಕಪ್ಪಿನ ಕಡೆಯ ಆವೃತ್ತಿ ಅದು. ಎದುರಾಳಿ, ನಲವತ್ತು ವರ್ಷದ ಹಿಂದಿನ ಮೊದಲ ಆವೃತ್ತಿಯಂತೆ, ಮೋಹನ್ ಬಾಗಾನ್. ಬೆಂಗಳೂರು 2–0ರಿಂದ ಗೆದ್ದಿತು. ಮೂರು ತಿಂಗಳ ನಂತರ ತೊಂಬತ್ತು ವರ್ಷದ ಅಹ್ಮದ್ ಖಾನ್ ಕೋಲ್ಕತ್ತದಲ್ಲಿ ತೀರಿಕೊಂಡರು.